ಓದಿದ್ದೆಲ್ಲ ಸರಿ ಅನಿಸಿದರೆ ಏನು ಮಾಡಬೇಕು?

ಇತಿಹಾಸ, ವಿಜ್ಞಾನ, ಆರೋಗ್ಯದಂಥ ವಿಷಯಗಳ ಪುಸ್ತಕ ಓದುವಾಗ ಲೇಖಕರು ಹೇಳಿದ್ದೆಲ್ಲ ಸರಿ ಅನಿಸುತ್ತದೆ, ಆಮೇಲೆ ಅದಕ್ಕೆ ವಿರುದ್ಧವಾದದ್ದನ್ನು ಓದಿದರೆ ಅದೂ ಸರಿ ಅನಿಸುತ್ತದೆ ಎಂದು ಕೇಳಿದ್ದೀರಿ. ಪಳಗಿದ ಲೇಖಕರು ವಾದವನ್ನೂ ಅದರ ಆಧಾರವನ್ನೂ ಒಂದೇ ಓಘದಲ್ಲಿ ಹೇಳಿಕೊಂಡು ಹೋಗುತ್ತಾರೆ. ಎರಡರ ನಡುವಿನ ಬೆಸುಗೆ ಎಷ್ಟು ಗಟ್ಟಿ ಎಂದು ನೋಡಲು ಓದಿನ ಓಟ ನಮ್ಮನ್ನು ಬಿಡುವುದಿಲ್ಲ. ಹಾಗಾಗಿ ಆ ಓಟವನ್ನು ನಿಲ್ಲಿಸುವ ಉಪಾಯ ಬೇಕು.

ಒಂದು ಅಧ್ಯಾಯ ಮುಗಿದ ಮೇಲೆ ಪುಸ್ತಕ ಮುಚ್ಚಿ, ಅದರ ಮುಖ್ಯ ವಾದವನ್ನು ನಿಮ್ಮ ಮಾತಿನಲ್ಲಿ ಒಂದೇ ವಾಕ್ಯವಾಗಿ ಬರೆಯಿರಿ. 'ಇದು ಪರೀಕ್ಷೆಗಳ ಬಗ್ಗೆ' ಎಂದು ಬರೆದರೆ ಅದು ವಿಷಯವಾಯಿತು. 'ಪರೀಕ್ಷೆ ತೆಗೆದುಹಾಕಿದರೆ ಮಕ್ಕಳು ಹೆಚ್ಚು ಕಲಿಯುತ್ತಾರೆ' ಎಂದು ಬರೆದರೆ ವಾದ. ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಅಲ್ಲಿ ಏನಾದರೂ ಇರುತ್ತದೆ. ಲೇಖಕರೇ ಓದಿದರೂ 'ಹೌದು, ನಾನು ಹೇಳಿದ್ದು ಇದನ್ನೇ' ಅನ್ನುವಂತಿರಬೇಕು. ಈ ಹಂತ ಬಿಟ್ಟವರು ಬಹಳ ಸಲ ಲೇಖಕರು ಹೇಳದೇ ಇದ್ದದ್ದನ್ನು ಖಂಡಿಸುತ್ತಾ ಕೂರುತ್ತಾರೆ.

ಎರಡನೇ ಓದಿಗೆ ಪೆನ್ಸಿಲ್ ಸಾಕು. ಅಂಚಿನಲ್ಲಿ ವಾದಕ್ಕೆ 'ವಾ', ಆಧಾರಕ್ಕೆ 'ಆ', ಯಾರದೋ ಒಬ್ಬರ ಕಥೆಗೆ 'ಕ' ಎಂದು ಗುರುತು ಹಾಕಿ. ನಾಲ್ಕೈದು ಪುಟಗಳಲ್ಲಿ ಬರೀ 'ವಾ' ಮತ್ತು 'ಕ' ಇದ್ದು 'ಆ' ಒಂದೂ ಇಲ್ಲದಿದ್ದರೆ, ನಿಮ್ಮನ್ನು ಒಪ್ಪಿಸಿದ್ದು ಕಥೆಯೇ. ಬಣ್ಣದ ಪೆನ್ನಿನಿಂದ ಗೆರೆ ಎಳೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಕೈ ತಾನಾಗಿ ಚಂದದ ವಾಕ್ಯಗಳ ಕಡೆಗೆ ಹೋಗುತ್ತದೆ.

ಇನ್ನು ಅಡಿಟಿಪ್ಪಣಿಗಳು. ಎಲ್ಲವನ್ನೂ ಪರಿಶೀಲಿಸಲು ಹೊರಟರೆ ಪುಸ್ತಕ ಮುಗಿಯುವುದೇ ಇಲ್ಲ. ಯಾವುದನ್ನು ತೆಗೆದರೆ ಇಡೀ ವಾದ ಬೀಳುತ್ತದೋ ಅಂಥ ಎರಡೋ ಮೂರೋ ಆಧಾರಗಳನ್ನು ಮಾತ್ರ ಆರಿಸಿ, ಮೂಲವನ್ನೇ ತೆರೆದು ನೋಡಿ. ಯಾರನ್ನು ಅಧ್ಯಯನ ಮಾಡಿದ್ದಾರೆ, ಎಷ್ಟು ಜನರನ್ನು, ಫಲಿತಾಂಶವನ್ನು ಎಷ್ಟು ಖಚಿತವಾಗಿ ಹೇಳಿದ್ದಾರೆ? ಮೂಲ ಸಂಶೋಧನೆ 'ಇವೆರಡೂ ಒಟ್ಟಿಗೆ ಕಂಡುಬಂದವು' ಎಂದಷ್ಟೇ ಹೇಳಿರುತ್ತದೆ. ಪುಸ್ತಕಕ್ಕೆ ಬರುವಷ್ಟರಲ್ಲಿ ಅದು 'ಇದರಿಂದಲೇ ಅದು ಆಗುತ್ತದೆ' ಎಂದಾಗಿರುತ್ತದೆ. ಅತಿ ಹೆಚ್ಚು ಬಿರುಕು ಕಾಣಿಸುವುದು ಇಲ್ಲೇ.

ಅಂಕಿಸಂಖ್ಯೆ ಬಂದಾಗಲಂತೂ ನಿಂತು ನೋಡಲೇಬೇಕು. 1995ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ, ಕೆಲವು ಹೊಸ ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಎರಡು ಪಟ್ಟಾಗುತ್ತದೆ ಎಂದು ಎಚ್ಚರಿಸಿತು. ಸುದ್ದಿ ಹಬ್ಬಿ ಸಾವಿರಾರು ಮಹಿಳೆಯರು ಮಾತ್ರೆ ನಿಲ್ಲಿಸಿದರು, ಬೇಡದ ಗರ್ಭಗಳೂ ಗರ್ಭಪಾತಗಳೂ ಹೆಚ್ಚಿದವು. 'ಎರಡು ಪಟ್ಟು' ಸುಳ್ಳಾಗಿರಲಿಲ್ಲ. ಹಳೆಯ ಮಾತ್ರೆ ತೆಗೆದುಕೊಳ್ಳುವ ಸುಮಾರು 7,000 ಮಹಿಳೆಯರಲ್ಲಿ ಒಬ್ಬರಿಗೆ ಇದ್ದ ತೊಂದರೆ, ಹೊಸದರಲ್ಲಿ ಇಬ್ಬರಿಗೆ ಆಗುತ್ತಿತ್ತು, ಅಷ್ಟೇ. ಗರ್ಭಿಣಿಯರಲ್ಲಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಮಾತ್ರೆಯಿಂದಾಗುವುದಕ್ಕಿಂತಲೂ ಹೆಚ್ಚು ಎಂಬುದನ್ನು ನೆನೆದರೆ ಸಂಕಟವಾಗುತ್ತದೆ. ಹಾಗಾಗಿ 'ಇಷ್ಟು ಪಟ್ಟು', 'ಶೇಕಡಾ ಇಷ್ಟು ಹೆಚ್ಚಳ' ಎಂದು ಕಂಡ ಕೂಡಲೇ ಅಂಚಿನಲ್ಲಿ 'ಎಷ್ಟರಿಂದ ಎಷ್ಟಕ್ಕೆ?' ಎಂದು ಬರೆದಿಟ್ಟುಕೊಳ್ಳಿ. ಪುಸ್ತಕದಲ್ಲಿ ಉತ್ತರ ಸಿಗದಿದ್ದರೆ ಆ ಸಂಖ್ಯೆಯನ್ನು ನಂಬಿಕೆಯ ಲೆಕ್ಕಕ್ಕೆ ಹಿಡಿಯಬೇಡಿ.

ದೊಡ್ಡ ಸಂಖ್ಯೆಯೂ ಮೋಸ ಮಾಡುತ್ತದೆ. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುನ್ನ ಲಿಟರರಿ ಡೈಜೆಸ್ಟ್ ಪತ್ರಿಕೆ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಸಂಗ್ರಹಿಸಿ ಅಧ್ಯಕ್ಷ ರೂಸ್‌ವೆಲ್ಟ್ ವಿರುದ್ಧ ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು. ಆದರೆ ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯಗಳನ್ನು ಗೆದ್ದರು. ಯಾರನ್ನು ಕೇಳಬೇಕು ಎಂಬುದಕ್ಕೆ ಪತ್ರಿಕೆಯವರು ಫೋನು, ಕಾರು ಇದ್ದವರ, ಅಂದರೆ ಆಗಿನ ಕಾಲಕ್ಕೆ ಹೆಚ್ಚಾಗಿ ಉಳ್ಳವರ, ಪಟ್ಟಿಗಳನ್ನೇ ನೆಚ್ಚಿಕೊಂಡಿದ್ದರು. ಉತ್ತರ ಬರೆದು ಕಳಿಸಿದವರೂ ಹಾಗೆ ಕೇಳಿದವರಲ್ಲಿ ಸುಮಾರು ಕಾಲು ಭಾಗ ಮಾತ್ರ.

ಆತ್ಮಕಥೆ, ಚರಿತ್ರೆಗಳಲ್ಲಿ ಸಂಖ್ಯೆ ಕಡಿಮೆ. ಅಲ್ಲಿ ಘಟನೆ ನಡೆದು ಎಷ್ಟು ವರ್ಷಕ್ಕೆ ಬರೆದರು, ಅಷ್ಟರಲ್ಲಿ ಯಾರ ಜೊತೆ ಕೆಟ್ಟಿತ್ತು, ಯಾರ ದಾಖಲೆ ನೋಡಲು ಸಿಕ್ಕಿತು, ಯಾರದ್ದು ಸಿಗಲಿಲ್ಲ ಎಂದು ಕೇಳಿ.

ಕೊನೆಗೆ, ಇಷ್ಟೆಲ್ಲ ಕೆಡುವುದು ಒಲವಿನಿಂದ. ನಾವು ಮೊದಲೇ ಒಪ್ಪಿದ್ದನ್ನು ಹೇಳುವವರ ಅಡಿಟಿಪ್ಪಣಿಯನ್ನು ನಾವು ತೆರೆಯುವುದೇ ಇಲ್ಲ. ಒಂದು ಆಧಾರ ಬಹಳ ಹಿಡಿಸಿದಾಗ, ಇದೇ ಬಗೆಯ ಅಧ್ಯಯನ ಇದಕ್ಕೆ ವಿರುದ್ಧವಾದ ಫಲಿತಾಂಶ ಕೊಟ್ಟಿದ್ದರೆ ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳಿ. 'ಜನ ಕಡಿಮೆ, ಅವಧಿ ಸಾಲದು' ಎಂದು ಆಗ ಎತ್ತುತ್ತಿದ್ದ ಆಕ್ಷೇಪಗಳನ್ನೆಲ್ಲ ಈಗಲೇ ಅಂಚಿನಲ್ಲಿ ಬರೆಯಿರಿ.