ಮಾಡಿಗೆ ಹೆಂಚು, ಮಲ್ಪೆಗೆ ತೂಕ: ಪ್ರೋಗ್ರಾಮಿಂಗ್ ಪ್ರಶ್ನೋತ್ತರ

ಪ್ರಶ್ನೆ: ಹಳೆಯ ಗುತ್ತಿನ ಮನೆಗಳ ದುರಸ್ತಿಗೆ ಸ್ಕೆಚ್‌ಅಪ್ ಎಂಬ 3ಡಿ ವಿನ್ಯಾಸ ತಂತ್ರಾಂಶದಲ್ಲಿ ಮಾದರಿ ಮಾಡುತ್ತೇನೆ. ಮಾಡಿನ ಒಂದು ಮುಖ ಆರಿಸಿದರೆ ಅದರ ತುಂಬ ಹೆಂಚು ಹಾಸುವ ಪ್ಲಗಿನ್ (ಸೇರ್ಪಡೆ ಪ್ರೋಗ್ರಾಂ) ಒಂದನ್ನು ರೂಬಿ ಭಾಷೆಯಲ್ಲಿ ಬರೆದಿದ್ದೇನೆ. ಒಂದು ಹೆಂಚು ಆವರಿಸುವ ಜಾಗ 320 × 210 ಮಿ.ಮೀ. ಎಂದು ಕೊಟ್ಟರೆ ಹೆಂಚು ಮನೆಯಷ್ಟು ದೊಡ್ಡದಾಗಿ ಬರುತ್ತದೆ. ಹೇಗೋ ಭಾಗಿಸಿ ಸರಿಮಾಡಿಕೊಂಡರೆ, 200 ಚದರ ಮೀಟರ್ ಮಾಡಿಗೆ ಸ್ಕೆಚ್‌ಅಪ್ ನಿಂತೇ ಬಿಡುತ್ತದೆ. ಕಂಟ್ರೋಲ್-ಝಡ್ ಒತ್ತಿದರೆ ಒಂದೊಂದೇ ಗೆರೆ ಅಳಿಯುತ್ತದೆ. ಏನು ಮಾಡಲಿ?
— ವಾಸ್ತುಶಿಲ್ಪಿ, ಕದ್ರಿ, ಮಂಗಳೂರು

ಉತ್ತರ: ಮೊದಲು ಅಳತೆ. ಪರದೆಯ ಮೇಲೆ ಮಿಲಿಮೀಟರ್ ಕಾಣಿಸಿದರೂ ಸ್ಕೆಚ್‌ಅಪ್ ಒಳಗೊಳಗೆ ಲೆಕ್ಕ ಇಡುವುದು ಇಂಚಿನಲ್ಲೇ. ನೀವು ಬರೀ 320 ಎಂದು ಕೊಟ್ಟಾಗ ಅದು 320 ಇಂಚು, ಅಂದರೆ ಎಂಟು ಮೀಟರಿಗೂ ಮೇಲೆ. 25.4ರಿಂದ ಭಾಗಿಸುವ ಅಭ್ಯಾಸ ಬೇಡ, ಎಲ್ಲೋ ಒಂದು ಕಡೆ ಮರೆತೇ ಮರೆಯುತ್ತೀರಿ. ಸಂಖ್ಯೆಯ ಪಕ್ಕ ಚುಕ್ಕೆ ಇಟ್ಟು ಎಮ್‌ಎಮ್ ಎಂದು (320.mm) ಬರೆಯಿರಿ, ರೂಬಿಯೇ ಬದಲಾಯಿಸಿಕೊಳ್ಳುತ್ತದೆ. ಅಳತೆಯನ್ನು ಇನ್‌ಪುಟ್‌ಬಾಕ್ಸ್‌ನಲ್ಲಿ ಕೇಳುವುದಾದರೆ ಮೊದಲೇ ತುಂಬಿಡುವ ಬೆಲೆಯನ್ನೂ ಹೀಗೆಯೇ ಕೊಡಿ. ಆಗ ಬಳಸುವವರು ಅಡಿಯಲ್ಲಿ ಬರೆದರೂ ಉತ್ತರ ಸರಿಯಾದ ಉದ್ದವಾಗಿಯೇ ಬರುತ್ತದೆ.

ನಿಧಾನಕ್ಕೆ ಕಾರಣ ಬೇರೆ. ನಿಮ್ಮ ಅಳತೆಯಲ್ಲಿ ಚದರ ಮೀಟರಿಗೆ ಸುಮಾರು 15 ಹೆಂಚು ಬೇಕು, 200 ಚದರ ಮೀಟರಿಗೆ ಹತ್ತಿರ ಹತ್ತಿರ 3,000. ಒಂದೊಂದನ್ನೂ ನೀವು ಗೆರೆ, ಮುಖಗಳಿಂದ ಹೊಸದಾಗಿ ಕಟ್ಟುತ್ತಿದ್ದೀರಿ. ಹೊಸ ಮುಖ ಬಂದಾಗಲೆಲ್ಲ ಅದರ ಬಿಂದು, ಅಂಚುಗಳು ಈಗಾಗಲೇ ಇರುವವಕ್ಕೆ ಕೂಡಿಕೊಳ್ಳುತ್ತವೆಯೇ ಎಂದು ಸ್ಕೆಚ್‌ಅಪ್ ನೋಡಬೇಕು. ಹೆಂಚು ಹೆಚ್ಚಾದಷ್ಟೂ ಆ ನೋಟ ಭಾರವಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಕಾಲದಿಂದಲೂ ನಮ್ಮೂರಿನ ಹೆಂಚು ಅಚ್ಚಿನಿಂದ ಬಂದದ್ದಲ್ಲವೇ? ಇಲ್ಲೂ ಹಾಗೆಯೇ ಮಾಡಿ. ಹೆಂಚಿನ ಆಕಾರವನ್ನು ಒಂದೇ ಒಂದು ಸಲ ಕಾಂಪೊನೆಂಟ್ ಡೆಫಿನಿಷನ್ ಆಗಿ ಕಟ್ಟಿ. ಆಮೇಲೆ ಆ್ಯಡ್-ಇನ್‌ಸ್ಟನ್ಸ್ ಬಳಸಿ ಅದರ ಪ್ರತಿಗಳನ್ನು ಇಡುತ್ತಾ ಹೋಗಿ. ಪ್ರತಿಯೊಂದು ಹೆಂಚಿಗೂ ಬೇಕಾಗುವುದು ಅದು ಎಲ್ಲಿ, ಯಾವ ಕಡೆಗೆ ತಿರುಗಿ ಕೂರಬೇಕು ಎಂಬ ಟ್ರಾನ್ಸ್‌ಫರ್ಮೇಷನ್ ಮಾತ್ರ. ಹೆಂಚಿನ ಬೆನ್ನಿನ ಉಬ್ಬು ತಿದ್ದಬೇಕೆನಿಸಿದರೆ ಅಚ್ಚು ತಿದ್ದಿದರಾಯಿತು, ಇಡೀ ಮಾಡು ಬದಲಾಗುತ್ತದೆ.

ಈ ಟ್ರಾನ್ಸ್‌ಫರ್ಮೇಷನ್ ಲೆಕ್ಕದಲ್ಲೇ ಹಲವರು ಎಡವುತ್ತಾರೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುಖದ ನಾರ್ಮಲ್, ಅಂದರೆ ಮುಖಕ್ಕೆ ಲಂಬವಾಗಿ ಹೊರಡುವ ದಿಕ್ಕು, ತೆಗೆದುಕೊಳ್ಳಿ. ಅದರ ಝಡ್ ಋಣವಾಗಿದ್ದರೆ ಮುಖ ಮಗುಚಿದೆ ಎಂದರ್ಥ. ನಾರ್ಮಲ್ಲನ್ನು ತಿರುಗಿಸಿಕೊಳ್ಳಿ, ಇಲ್ಲದಿದ್ದರೆ ಹೆಂಚುಗಳು ಅಟ್ಟದ ಕಡೆಗೆ ಬೆನ್ನು ಹಾಕಿ ಕೂರುತ್ತವೆ. ನೇರ ಮೇಲಕ್ಕೆ ಹೋಗುವ ಝಡ್ ಅಕ್ಷ ಮತ್ತು ನಾರ್ಮಲ್, ಇವೆರಡರ ಕ್ರಾಸ್ ಪ್ರಾಡಕ್ಟ್ (ಎರಡಕ್ಕೂ ಲಂಬವಾದ ಮೂರನೇ ದಿಕ್ಕು) ತೆಗೆದರೆ ಸಿಗುವುದು ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಓಡುವ ದಿಕ್ಕು. ನಾರ್ಮಲ್ ಮತ್ತು ರೀಪಿನ ದಿಕ್ಕು, ಇದೇ ಕ್ರಮದಲ್ಲಿ ಇನ್ನೊಂದು ಕ್ರಾಸ್ ಪ್ರಾಡಕ್ಟ್ ತೆಗೆದರೆ ಪಕ್ಕಾಸು (ಮಾಡಿನ ಇಳಿಜಾರಿನ ಮರ) ಮೇಲೇರುವ ದಿಕ್ಕು. ಸೂರಿನ ಒಂದು ಮೂಲೆಯನ್ನು ಮೂಲಬಿಂದುವಾಗಿಟ್ಟು, ಈ ಮೂರು ದಿಕ್ಕುಗಳನ್ನು ಟ್ರಾನ್ಸ್‌ಫರ್ಮೇಷನ್‌ನ ಆ್ಯಕ್ಸಿಸ್‌ಗೆ ಕೊಡಿ. ಮುಂದಿನದು ಸಮತಟ್ಟಾದ ಹಾಳೆಯ ಮೇಲಿನ ಲೆಕ್ಕದಷ್ಟೇ ಸುಲಭ: ಅಡ್ಡಕ್ಕೆ 210, ಮೇಲಕ್ಕೆ 320. ಆರಿಸಿದ ಮುಖ ತಾರಸಿಯಂತೆ ಮಟ್ಟಸವಾಗಿದ್ದರೆ ಮೊದಲ ಕ್ರಾಸ್ ಪ್ರಾಡಕ್ಟ್ ಉದ್ದವೇ ಇಲ್ಲದ ವೆಕ್ಟರ್ ಆಗುತ್ತದೆ. ಅದನ್ನು ಮೊದಲೇ ಪರೀಕ್ಷಿಸಿ, ಬಳಕೆದಾರರಿಗೆ ತಿಳಿಸಿ ನಿಲ್ಲಿಸಿ.

ನಾಲ್ಕು ಕಡೆಗೂ ಇಳಿಜಾರಾದ ಮಾಡಿನಲ್ಲಿ ಅಂಚಿನ ಹೆಂಚುಗಳು ಮುಖದಿಂದ ಹೊರಚಾಚುತ್ತವೆ. ಮುಖದ ಕ್ಲಾಸಿಫೈ-ಪಾಯಿಂಟ್ ಬಳಸಿ, ಹೆಂಚಿನ ನಡುಬಿಂದು ಒಳಗಿದ್ದರೆ ಮಾತ್ರ ಇಡಿ, ಚಿತ್ರಕ್ಕೆ ಅಷ್ಟು ಸಾಕು. ಖರೀದಿಯ ಲೆಕ್ಕಕ್ಕೆ ಅದು ಸಾಲದು. ತುಂಡರಿಸಿದ ಹೆಂಚಿಗೂ ಒಂದು ಇಡೀ ಹೆಂಚು ಹೋಗುತ್ತದೆ. ಹಾಗಾಗಿ ನಾಲ್ಕು ಮೂಲೆಗಳಲ್ಲಿ ಯಾವುದೊಂದು ಒಳಗಿದ್ದರೂ ಎಣಿಸಿಕೊಳ್ಳಿ. ಇವೆರಡನ್ನು ಬೇರೆ ಬೇರೆಯಾಗಿಯೇ ಬರೆಯಿರಿ ಎಂಬುದು ನನ್ನ ಬಲವಾದ ಸಲಹೆ.

ಇನ್ನು ಅಂಡೂ, ಅಂದರೆ ಕಂಟ್ರೋಲ್-ಝಡ್‌ನಿಂದ ಮಾಡಿದ್ದನ್ನು ರದ್ದುಮಾಡುವುದು. ಎಲ್ಲ ಟ್ರಾನ್ಸ್‌ಫರ್ಮೇಷನ್‌ಗಳನ್ನೂ ಮೊದಲು ಒಂದು ಅರೇಯಲ್ಲಿ (ಪಟ್ಟಿಯಲ್ಲಿ) ಲೆಕ್ಕ ಹಾಕಿಟ್ಟುಕೊಳ್ಳಿ. ಆ ತನಕ ಮಾದರಿಯನ್ನು ಮುಟ್ಟಲೇಬೇಡಿ. ಆಮೇಲೆ, ಮುಂದಿನದನ್ನೆಲ್ಲ ಒಂದೇ ಕೆಲಸವೆಂದು ಎಣಿಸುವ ಸ್ಟಾರ್ಟ್-ಆಪರೇಷನ್ ಕರೆಯಿರಿ. ಅದರ ಎರಡನೇ ಆರ್ಗ್ಯುಮೆಂಟ್ ಟ್ರೂ ಆಗಿರಲಿ, ನಡುವೆ ಪರದೆ ಮತ್ತೆ ಮತ್ತೆ ಬಿಡಿಸಿಕೊಳ್ಳುವುದು ತಪ್ಪುತ್ತದೆ. ಒಂದು ಖಾಲಿ ಗ್ರೂಪಿನೊಳಗೆ ಹೆಂಚುಗಳನ್ನೆಲ್ಲ ಇಟ್ಟು ಕಮಿಟ್ ಮಾಡಿ. ನಡುವೆ ಏನಾದರೂ ಕೈಕೊಟ್ಟರೆ ರೆಸ್ಕ್ಯೂ ಭಾಗದಲ್ಲಿ ಅಬಾರ್ಟ್-ಆಪರೇಷನ್ ಇರಲೇಬೇಕು. ಇಲ್ಲದಿದ್ದರೆ ಅರ್ಧ ಹೊದೆಸಿದ ಮಾಡು ಬಳಕೆದಾರರ ಫೈಲಿನಲ್ಲಿ ಉಳಿದುಬಿಡುತ್ತದೆ. ಇಷ್ಟಾದ ಮೇಲೆ ಒಂದೇ ಕಂಟ್ರೋಲ್-ಝಡ್‌ಗೆ ಇಡೀ ಹಾಸು ಹೋಗುತ್ತದೆ.

ಪ್ರಶ್ನೆ: ಮಲ್ಪೆ ಬಂದರಿನಲ್ಲಿ ಮೀನು ತೂಗುವ ಇಲೆಕ್ಟ್ರಾನಿಕ್ ಯಂತ್ರವನ್ನು ಸೀರಿಯಲ್ ಪೋರ್ಟ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿ, ಸಿ ಶಾರ್ಪ್‌ನ ವಿಂಡೋಸ್ ಫಾರ್ಮ್ಸ್‌ನಲ್ಲಿ ಬಿಲ್ ಪ್ರೋಗ್ರಾಂ ಬರೆದಿದ್ದೇನೆ. ತೂಕವನ್ನು ಟೆಕ್ಸ್ಟ್‌ಬಾಕ್ಸ್‌ಗೆ ಹಾಕುವಾಗ ಕ್ರಾಸ್-ಥ್ರೆಡ್ ಎಂಬ ತಪ್ಪು ಬರುತ್ತದೆ. ಒಮ್ಮೊಮ್ಮೆ 12.450 ಬದಲು 12.4 ಮಾತ್ರ ಬರುತ್ತದೆ. ಪ್ರೋಗ್ರಾಂ ಮುಚ್ಚುವಾಗ ಆಗಾಗ ಸಿಕ್ಕಿಹಾಕಿಕೊಳ್ಳುತ್ತದೆ.
— ಓದುಗರು, ಉಡುಪಿ

ಉತ್ತರ: ಯಂತ್ರದಿಂದ ಮಾಹಿತಿ ಬಂದಿದೆ ಎನ್ನುವ ಡೇಟಾ-ರಿಸೀವ್ಡ್ ಈವೆಂಟ್ ಬರುವುದು ಬೇರೊಂದು ಥ್ರೆಡ್‌ನಲ್ಲಿ, ಅಂದರೆ ಪ್ರೋಗ್ರಾಂನೊಳಗೆ ಪ್ರತ್ಯೇಕವಾಗಿ ಓಡುವ ಇನ್ನೊಂದು ಕೆಲಸದ ಎಳೆಯಲ್ಲಿ. ಕಿಟಕಿ, ಗುಂಡಿ, ಟೆಕ್ಸ್ಟ್‌ಬಾಕ್ಸ್ ಇವನ್ನೆಲ್ಲ ಮುಟ್ಟುವ ಹಕ್ಕು ಅವನ್ನು ಸೃಷ್ಟಿಸಿದ ಥ್ರೆಡ್‌ಗೆ ಮಾತ್ರ. ಈ ತಪಾಸಣೆಯನ್ನೇ ಆಫ್ ಮಾಡಿಬಿಡಿ ಎಂದು ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ತಪ್ಪು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ, ಇರುವುದಂತೂ ಇದ್ದೇ ಇರುತ್ತದೆ. ಬಿಗಿನ್-ಇನ್ವೋಕ್ ಮೂಲಕ ಕೆಲಸವನ್ನು ಕಿಟಕಿಯ ಥ್ರೆಡ್‌ಗೆ ಒಪ್ಪಿಸಿ.

ಕೆಲಸ ಮುಗಿಯುವ ತನಕ ಕಾಯುವ ಬರೀ ಇನ್ವೋಕ್ ಬಳಸಿದರೇ ಮುಚ್ಚುವಾಗಿನ ತೊಡಕು ಬರುವುದು. ಪೋರ್ಟನ್ನು ಮುಚ್ಚುತ್ತಿರುವ ಕಿಟಕಿಯ ಥ್ರೆಡ್, ಈವೆಂಟ್ ಮುಗಿಯಲಿ ಎಂದು ಕಾಯುತ್ತದೆ. ಈವೆಂಟ್ ಆದರೋ ಕಿಟಕಿಯ ಥ್ರೆಡ್ ಬಿಡುವಾಗಲಿ ಎಂದು ಕಾಯುತ್ತದೆ. ಎರಡೂ ಕದಲುವುದಿಲ್ಲ. ಬಿಗಿನ್-ಇನ್ವೋಕ್ ಹೇಳಿ ಮುಂದಕ್ಕೆ ಹೋಗುವುದರಿಂದ ಈ ಗಂಟು ಬೀಳುವುದಿಲ್ಲ.

ಅರ್ಧ ತೂಕ ಬರುವುದು ಯಂತ್ರದ ತಪ್ಪಲ್ಲ. ಒಂದು ಈವೆಂಟಿಗೆ ಒಂದು ಪೂರ್ತಿ ಸಾಲು ಬರುತ್ತದೆ ಎಂಬ ಖಾತರಿ ಸೀರಿಯಲ್ ಪೋರ್ಟಿನಲ್ಲಿ ಇಲ್ಲ. ಬಂದದ್ದನ್ನೆಲ್ಲ ಒಂದು ಸ್ಟ್ರಿಂಗ್‌ಬಿಲ್ಡರ್‌ಗೆ ಸೇರಿಸುತ್ತಾ ಹೋಗಿ. ಸಾಲಿನ ಕೊನೆಯ ಗುರುತು ಕಂಡಾಗ ಅಲ್ಲಿವರೆಗಿನದನ್ನು ಮಾತ್ರ ಕತ್ತರಿಸಿ ಓದಿ, ಉಳಿದದ್ದು ಮುಂದಿನ ಸುತ್ತಿಗೆ. ಆ ಗುರುತು ಯಾವುದು, ತೂಕ ಸ್ಥಿರವಾಯಿತೆಂದು ಯಂತ್ರ ಯಾವ ಅಕ್ಷರದಿಂದ ಹೇಳುತ್ತದೆ ಎಂಬುದು ಯಂತ್ರದ ಕೈಪಿಡಿಯಲ್ಲಿರುತ್ತದೆ. ಬುಟ್ಟಿ ಇನ್ನೂ ಅಲ್ಲಾಡುತ್ತಿರುವಾಗಿನ ತೂಕಕ್ಕೆ ಬಿಲ್ ಆದರೆ ಬೋಟಿನವರಿಗೂ ನಷ್ಟ, ಕೊಳ್ಳುವವರಿಗೂ ನಷ್ಟ. ತೂಕ, ದರಗಳಿಗೆ ಡಬಲ್ ಎಂಬ ಸಂಖ್ಯಾ ವಿಧ ಬೇಡ, ಡೆಸಿಮಲ್ ಬಳಸಿ. 0.1 ಎಂಬ ಸರಳ ಸಂಖ್ಯೆಯನ್ನೂ ಡಬಲ್ ಕರಾರುವಾಕ್ಕಾಗಿ ಹಿಡಿದಿಡಲಾರದು.

ಪ್ರಶ್ನೆ: ನನ್ನ ಸ್ಕೆಚ್‌ಅಪ್ ಪ್ಲಗಿನ್ ನನ್ನಲ್ಲಿ ಸರಿ ಇದೆ. ಗೆಳತಿಯ ವಿಂಡೋಸ್ ಕಂಪ್ಯೂಟರಿನಲ್ಲಿ ಐಕಾನ್ ಫೈಲೇ ಸಿಗುವುದಿಲ್ಲ. ಅವಳ ಯೂಸರ್ ಫೋಲ್ಡರಿನ ಹೆಸರು ಕನ್ನಡದಲ್ಲಿದೆ.
— ವಿದ್ಯಾರ್ಥಿನಿ, ಮಣಿಪಾಲ

ಉತ್ತರ: ಫೋಲ್ಡರಿನ ದಾರಿಯನ್ನು ರೂಬಿ ಬೇರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಸಂಕೇತಿಸುವ ಕ್ರಮ) ಎಂದು ತಿಳಿದುಕೊಂಡಿರುವ ಸಾಧ್ಯತೆಯೇ ಹೆಚ್ಚು. ಫೈಲಿನ ದಾರಿ ಹೇಳುವ ಡಿರ್ ಮೌಲ್ಯವನ್ನು ಮೊದಲು ಡೂಪ್ (ನಕಲು) ಮಾಡಿ, ಆ ಪ್ರತಿಗೆ ಫೋರ್ಸ್-ಎನ್‌ಕೋಡಿಂಗ್ ಮೂಲಕ ಯುಟಿಎಫ್-8 ಎಂದು ಹೇಳಿ. ಆಮೇಲೆ ಫೈಲ್-ಜಾಯಿನ್ ಬಳಸಿ ಐಕಾನಿನ ಹೆಸರು ಸೇರಿಸಿ. ನಿಮ್ಮ ಕಂಪ್ಯೂಟರಿನ ಸಿ ಡ್ರೈವ್ ದಾರಿಯನ್ನು ಕೋಡಿನಲ್ಲಿ ಎಲ್ಲಾದರೂ ನೇರವಾಗಿ ಬರೆದಿದ್ದರೆ ಅದನ್ನೂ ತೆಗೆಯಿರಿ. ಐಕಾನ್ ನಿಜಕ್ಕೂ ಪ್ಯಾಕೇಜಿನಲ್ಲಿ ಸೇರಿದೆಯೇ ಎಂದು ನೋಡಲು, ಪ್ಲಗಿನ್ನಿನ ಪ್ಯಾಕೇಜಾದ ಆರ್‌ಬಿಝಡ್ ಫೈಲಿನ ಕೊನೆಯ ಹೆಸರನ್ನು ಝಿಪ್ ಎಂದು ಬದಲಿಸಿ ತೆರೆದರಾಯಿತು. ಅದು ಝಿಪ್ ಫೈಲೇ.