ಓದುಗರ ಪ್ರಶ್ನೆ: ಚೀಟಿ ಅಂಟಿಸಿದರೆ ಅಗ್ನಿನಂದಕ ಸಿದ್ಧವಾಯಿತೇ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಯಂತ್ರಭಾಗಗಳ ಕಾರ್ಖಾನೆಯಿದೆ. ಘನವಸ್ತು, ದ್ರವ, ಅನಿಲ ಮೂರೂ ಬಗೆಯ ಬೆಂಕಿಯನ್ನು ನಂದಿಸುವ ಎಬಿಸಿ ಪೌಡರ್‌ನ ನಾಲ್ಕು ಸಿಲಿಂಡರ್‌ಗಳೂ, ಪ್ಯಾನೆಲ್ ಬೋರ್ಡ್ ಬಳಿ ಇಂಗಾಲದ ಡೈಆಕ್ಸೈಡ್‌ನ ಒಂದು ಸಿಲಿಂಡರೂ ಇವೆ. ವರ್ಷಕ್ಕೊಮ್ಮೆ ಏಜೆನ್ಸಿಯವರು ಬಂದು ಹೊಸ ಚೀಟಿ ಅಂಟಿಸುತ್ತಾರೆ. ಅಷ್ಟು ಸಾಕೇ? ಇಂಗಾಲದ ಡೈಆಕ್ಸೈಡ್ ಸಿಲಿಂಡರಿಗೆ ಒತ್ತಡದ ಮೀಟರೇ ಇಲ್ಲವಲ್ಲ?

ಉತ್ತರ: ಮೀಟರ್ ಇಲ್ಲದಿರುವುದು ದೋಷವಲ್ಲ. ಆ ಸಿಲಿಂಡರಿನೊಳಗೆ ಅನಿಲವು ದ್ರವರೂಪದಲ್ಲಿರುತ್ತದೆ. ದ್ರವ ಸ್ವಲ್ಪವೇ ಉಳಿದಿದ್ದರೂ ಒತ್ತಡವು ಉಷ್ಣಾಂಶಕ್ಕೆ ತಕ್ಕಂತೆ ಅಷ್ಟೇ ಇರುವುದರಿಂದ ಮುಳ್ಳು ನೋಡಿ ಏನೂ ತಿಳಿಯದು. ತೂಕ ಮಾಡುವುದೊಂದೇ ದಾರಿ. ಸಿಲಿಂಡರಿನ ಮೇಲೆ ಕೆತ್ತಿರುವ ಖಾಲಿ ತೂಕವನ್ನು ಕಳೆದಾಗ, 4.5 ಕಿಲೋ ಅನಿಲ ಇರಬೇಕಾದಲ್ಲಿ 450 ಗ್ರಾಂಗಿಂತ ಹೆಚ್ಚು, ಅಂದರೆ ಶೇ. 10ಕ್ಕಿಂತ ಹೆಚ್ಚು ಕಡಿಮೆಯಿದ್ದರೆ ಮತ್ತೆ ತುಂಬಿಸಬೇಕು. ಏಜೆನ್ಸಿಯವರು ತಕ್ಕಡಿಯನ್ನೇ ತರದೆ ಚೀಟಿ ಅಂಟಿಸಿದ್ದರೆ ಆ ಚೀಟಿಗೆ ಬೆಲೆಯಿಲ್ಲ ಎಂದೇ ನಾನು ಹೇಳುವೆ.

ಪೌಡರ್ ಸಿಲಿಂಡರಿನ ಮುಳ್ಳು ಹಸಿರು ಪಟ್ಟಿಯಲ್ಲಿರಬೇಕು ನಿಜ, ಆದರೆ ಒಳಗಿನ ಪುಡಿ ಗಟ್ಟಿಯಾಗಿದೆಯೇ ಎಂಬುದನ್ನು ಅದು ತಿಳಿಸುವುದಿಲ್ಲ. ಪ್ರೆಸ್ ಯಂತ್ರದ ಅದುರುವಿಕೆಗೆ ಪುಡಿ ತಳದಲ್ಲಿ ಒತ್ತಿಕೊಂಡು ಕೂರಬಹುದು. ಆದ್ದರಿಂದ ತಿಂಗಳಿಗೊಮ್ಮೆ ನಿಮ್ಮವರೇ ಒಬ್ಬರು ಮುಳ್ಳು, ಪಿನ್ನು, ಸೀಲು, ಹೋಸ್ ಪೈಪಿನ ಬಿರುಕು, ತಳದ ತುಕ್ಕು ಇವನ್ನು ನೋಡಿ ಕಾರ್ಡಿನಲ್ಲಿ ಸಹಿ ಹಾಕಲಿ. ಏಜೆನ್ಸಿಯವರಿಂದ ಜಲ ಒತ್ತಡ ಪರೀಕ್ಷೆಯ (ಸಿಲಿಂಡರಿಗೆ ನೀರು ತುಂಬಿ, ಅದು ಒತ್ತಡ ತಾಳುತ್ತದೆಯೇ ಎಂದು ನೋಡುವ ಪರೀಕ್ಷೆ) ದಿನಾಂಕವನ್ನೂ ಕೇಳಿ ಪಡೆಯಿರಿ: ಪೌಡರ್ ಸಿಲಿಂಡರಿಗೆ 3 ವರ್ಷಕ್ಕೊಮ್ಮೆ, ಇಂಗಾಲದ ಡೈಆಕ್ಸೈಡ್‌ನದಕ್ಕೆ 5 ವರ್ಷಕ್ಕೊಮ್ಮೆ ಈ ಪರೀಕ್ಷೆ ಆಗಬೇಕು.

ಪ್ಯಾನೆಲ್ಲಿಗೆ ಬೆಂಕಿ ಹತ್ತಿದರೆ, ಸಾಧ್ಯವಿದ್ದಲ್ಲಿ ಮೊದಲು ಮೇನ್ ಸ್ವಿಚ್ ಆರಿಸಬೇಕು. ಇಂಗಾಲದ ಡೈಆಕ್ಸೈಡ್ ಸಿಲಿಂಡರನ್ನು ಬಳಸುವಾಗ ಹೊರಬರುವ ಅನಿಲ ಮೈನಸ್ 78 ಡಿಗ್ರಿಯವರೆಗೆ ತಣ್ಣಗಾಗುವುದರಿಂದ ಕಹಳೆಯಂಥ ಬಾಯಿಯನ್ನು ಬರಿಗೈಯಲ್ಲಿ ಹಿಡಿಯಬಾರದು. ಸಣ್ಣ ಕೋಣೆಯಾದರೆ ಕೂಡಲೇ ಹೊರಬರಬೇಕು, ಏಕೆಂದರೆ ಉಸಿರಾಡುವ ಗಾಳಿಯೇ ಅಲ್ಲಿ ಕಡಿಮೆಯಾಗಿರುತ್ತದೆ.

ಪ್ರಶ್ನೆ: ಗದಗಿನ ನಮ್ಮ ಮುದ್ರಣಾಲಯದಲ್ಲಿ ಕಾಗದದ ಜೊತೆಗೆ ಶಾಯಿ ತೊಳೆಯುವ ದ್ರಾವಣವೂ ಇರುತ್ತದೆ. ಸಿಲಿಂಡರ್ ಇದ್ದರೂ ಯಾರಿಗೂ ಬಳಸಿ ಗೊತ್ತಿಲ್ಲ.

ಉತ್ತರ: ಪುಡಿ ಬದಲಿಸುವ ಸಮಯ ಬಂದಾಗ ಸಿಲಿಂಡರನ್ನು ಏಜೆನ್ಸಿಗೆ ತುಂಬಿದಂತೆಯೇ ಕೊಡದೆ, ಅವರನ್ನೇ ಕರೆಸಿ ನಿಮ್ಮ ಅಂಗಳದಲ್ಲಿ ಕೆಲಸಗಾರರ ಕೈಯಲ್ಲಿ ಖಾಲಿ ಮಾಡಿಸಿರಿ, ತರಬೇತಿಗೆ ಬೇರೆ ಖರ್ಚು ಬೀಳದು. 6 ಕಿಲೋ ಸಿಲಿಂಡರ್ ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ ಎಂಬುದು ಕಣ್ಣಾರೆ ಕಂಡಾಗಲೇ ಮನಸ್ಸಿಗೆ ಹತ್ತುವುದು. ಪಿನ್ ಎಳೆದು, ಬಾಗಿಲು ಬೆನ್ನ ಹಿಂದೆ ಇರುವಂತೆ ನಿಂತು, ಎರಡು ಮೂರು ಮೀಟರ್ ದೂರದಿಂದ ಜ್ವಾಲೆಯ ಬುಡಕ್ಕೆ ಅತ್ತಿತ್ತ ಬೀಸಬೇಕು. ದ್ರಾವಣದ ಬೆಂಕಿಗೆ ತೀರಾ ಹತ್ತಿರ ಹೋದರೆ ಪುಡಿಯ ರಭಸಕ್ಕೆ ಉರಿಯುವ ದ್ರಾವಣವೇ ಸಿಡಿದು ಹರಡುತ್ತದೆ. ಒಂದು ಸಿಲಿಂಡರಿಗೆ ಆರದ ಬೆಂಕಿಯನ್ನು ಬಿಟ್ಟು ಎಲ್ಲರೂ ಹೊರಬರಬೇಕು. 112ಕ್ಕೆ ಕರೆ ಮಾಡುವುದು ಅದಕ್ಕೂ ಮೊದಲೇ, ಇನ್ನೊಬ್ಬರಿಂದ ಆಗಿರಬೇಕು.

ಯಾವ ಮೂಲೆಯಿಂದಲೂ 15 ಮೀಟರಿನೊಳಗೆ ಒಂದು ಸಿಲಿಂಡರ್ ಸಿಗುವಂತಿರಲಿ. ಅದರ ಎದುರಿಗೆ ಕಾಗದದ ರೀಮುಗಳನ್ನು ಪೇರಿಸಬೇಡಿ. ಒಮ್ಮೆ ಒತ್ತಿದ ಸಿಲಿಂಡರನ್ನು, ಅರ್ಧ ಉಳಿದಿದ್ದರೂ, ಮತ್ತೆ ಗೋಡೆಗೆ ತೂಗುಹಾಕಬಾರದು, ಏಕೆಂದರೆ ವಾಲ್ವಿನಲ್ಲಿ ಸಿಕ್ಕಿಕೊಂಡ ಪುಡಿಯಿಂದ ಒತ್ತಡ ಮೆಲ್ಲನೆ ಸೋರಿಹೋಗುತ್ತದೆ. ಯಂತ್ರಗಳ ಮೇಲೆ ಬಿದ್ದ ಪುಡಿ ತೇವ ಹೀರಿ ಲೋಹವನ್ನು ತಿನ್ನುವುದರಿಂದ, ಅದನ್ನು ಅದೇ ದಿನ ಒಣಬಟ್ಟೆ, ಬ್ರಷ್ಷುಗಳಿಂದ ತೆಗೆಸಿರಿ.