ಕೂಡ್ಲಿಯ ದಡದ ಕಸ ತೆಗೆಯಲು ಜೂನ್‌ವರೆಗೆ ಕಾಯಬೇಡಿ

ತುಂಗಾ, ಭದ್ರಾ ನದಿಗಳು ಕೂಡಿ ತುಂಗಭದ್ರೆಯಾಗುವ ಕೂಡ್ಲಿಯಲ್ಲಿ ಹತ್ತು ಜನ ಸೇರಿ ಹೊಳೆದಂಡೆಯ ಕಸ ತೆಗೆಯಲು ಜೂನ್ ಸರಿಯೇ ಎಂದು ಕೇಳಿದ್ದೀರಿ. ದಯವಿಟ್ಟು ಅಷ್ಟು ತಡಮಾಡಬೇಡಿ. ಮಲೆನಾಡಿನಲ್ಲಿ ಮಳೆ ಹಿಡಿದರೆ ತುಂಗೆ, ಭದ್ರೆ ಎರಡೂ ಏರುತ್ತವೆ; ದಡದ ಕಸವೆಲ್ಲ ತುಂಗಭದ್ರೆಯ ಪಾಲು. ಏಪ್ರಿಲ್, ಮೇ ತಿಂಗಳಲ್ಲಿ ನೀರು ತಗ್ಗಿ ಕಲ್ಲುಸಂದುಗಳು ಕಾಣುವಾಗಲೇ ಕೆಲಸಕ್ಕಿಳಿಯಿರಿ.

ಬಾಟಲಿ ಹೆಕ್ಕುವುದು ಸುಲಭ. ಕಷ್ಟ ಕೊಡುವುದು ಸ್ನಾನ ಮಾಡಿದವರು ಬಿಟ್ಟುಹೋದ ಬಟ್ಟೆಗಳು: ಮರಳು ತುಂಬಿ ಕಲ್ಲಿನಷ್ಟು ಭಾರವಾಗಿ ಬೇರುಗಳಿಗೆ ಸುತ್ತಿಕೊಂಡಿರುತ್ತವೆ. ಎಳೆಯಬೇಡಿ, ಕುಡುಗೋಲಿನಿಂದ ಕತ್ತರಿಸಿ, ಬಿಸಿಲಿಗೆ ಹರವಿ, ಒಣಗಿದ ಮೇಲೆ ಚೀಲಕ್ಕೆ ತುಂಬಿ. ಒಡೆದ ಗಾಜಿಗೆ ಬಕೆಟ್ಟೇ ಬೇಕು, ಚೀಲ ಹರಿಯುತ್ತದೆ.

ಎಲ್ಲಕ್ಕಿಂತ ಮೊದಲು ಪಂಚಾಯಿತಿಯವರೊಂದಿಗೆ ಮಾತನಾಡಿ ಕಸದ ಗಾಡಿ ಬರುವ ದಿನ ಗೊತ್ತುಮಾಡಿಕೊಳ್ಳಿ. ನಾವು ಒಮ್ಮೆ ಚೀಲಗಳನ್ನು ದಡದಲ್ಲೇ ಬಿಟ್ಟು ಬಂದೆವು. ಬೆಳಗಾಗುವಷ್ಟರಲ್ಲಿ ನಾಯಿಗಳು ಎಲ್ಲವನ್ನೂ ಹರಿದು ಹರಡಿದ್ದವು. ಆ ನೋವು ಇನ್ನೂ ಇದೆ.